ಅಪ್ಪನ ಹೊಲದ ಬಗ್ಗೆ ಒಂದು ಸ್ಪಷ್ಟನೆ

ಬೆಂಗಳೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ದಿನದಿಂದ ಒಂದು ಸಂದೇಶ ಓಡಾಡುತ್ತಿದೆ: "ಜಡ್ಜ್ ಆಗಿದ್ದವರ ಹೆಸರಲ್ಲಿ ಕೃಷಿ ಜಮೀನು ಇರುವಂತಿಲ್ಲ. ಇವರು ಕುರ್ಚಿಯಲ್ಲಿದ್ದಾಗ ಮಾಗಡಿ ಕಡೆ ತೋಟ ಮಾಡಿಕೊಂಡರು." ಹೇಳಿರುವುದು ನಮ್ಮ ತಂದೆಯವರ ಬಗ್ಗೆ. ಎರಡು ಮಾತೂ ಸುಳ್ಳು.

ಜಮೀನು ತಾತನದು. 1996ರಲ್ಲಿ ತಾತ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಅಪ್ಪನ ಹೆಸರಿಗೆ ಬಂತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಕಲಂ, ಬೇರೆ ಮೂಲದಿಂದ ಮಿತಿಗಿಂತ ಹೆಚ್ಚು ವರಮಾನ ಇದ್ದವರು ಕೃಷಿ ಜಮೀನು ಪಡೆಯುವುದನ್ನು ತಡೆಯುತ್ತಿತ್ತು, ನಿಜ. ಆದರೆ ಪಿತ್ರಾರ್ಜಿತವಾಗಿ ಬಂದ ಜಮೀನು ಅದರಡಿ ಅಸಿಂಧು ಆಗುತ್ತಿರಲಿಲ್ಲ. 2020ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದರು. ತೆಗೆದದ್ದು ನನಗೆ ಸರಿ ಅನಿಸಿಲ್ಲ, ಅದು ಬೇರೆ ಚರ್ಚೆ.

ಇನ್ನು 'ತೋಟ'. ಅದು 2 ಎಕರೆ 10 ಗುಂಟೆಯ ರಾಗಿ ಹೊಲ. ಸಾಲಿನಲ್ಲಿ ಅವರೆ, ಬದುವಿನಲ್ಲಿ ಎರಡು ಹೊಂಗೆ ಮರ. ಬೋರ್‌ವೆಲ್ ಇಲ್ಲ, ಮಳೆ ಬಂದರೆ ಬೆಳೆ. ದೂರದ ತಾಲೂಕು ಕೋರ್ಟುಗಳಲ್ಲಿ ಸಿವಿಲ್ ಜಡ್ಜ್ ಆಗಿದ್ದಾಗ ಅಪ್ಪ ಶನಿವಾರ ಕಡೇ ಬಸ್ಸಿಗೆ ಬಂದು, ಭಾನುವಾರವೆಲ್ಲ ಆಳುಗಳ ಜೊತೆ ಕಳೆ ಕೀಳುತ್ತಿದ್ದರು. ಉಗುರಿನ ಸಂದಿಯ ಕೆಮ್ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅಮ್ಮ ನಿಂಬೆ ಸಿಪ್ಪೆಯಿಂದ ಉಜ್ಜಿ ಕಳಿಸುತ್ತಿದ್ದರು. ಮಾಗಡಿ ಕೋರ್ಟಿನಲ್ಲಿ ಅವರು ಒಂದು ದಿನವೂ ಕೂತಿಲ್ಲ.

ಪಹಣಿ, ಪೌತಿ ಖಾತೆಯ ಪ್ರತಿಗಳು ಮನೆಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು. ಸಂದೇಶ ಹಾಕಿದವರು ಅದೇ ಗುಂಪಿನಲ್ಲಿ ತಪ್ಪನ್ನು ತಿದ್ದಿ ಹಾಕಬೇಕು. ಅಪ್ಪನಿಗೆ ಈಗ 78. ಅದನ್ನು ಓದಿದ ದಿನದಿಂದ ಬೆಳಗಿನ ವಾಕಿಂಗ್‌ಗೆ ಹೋಗಿಲ್ಲ.