ಹಳೇ ಗಾಜಿಗೆ ಬಣ್ಣ ಬೇಡ, ಕಾಡಿಗೆ ಸಾಕು

ಸೆಪ್ಟೆಂಬರ್ ಮುಗಿಯುತ್ತಾ ಬಂದರೆ ಸಾಕು, ಇಲ್ಲಿ ಅಮೆರಿಕದ ಓಹೈಯೋ ರಾಜ್ಯದ ಕೊಲಂಬಸ್‌ನ ನಮ್ಮ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ದೆವ್ವ ಭೂತದ ಹಬ್ಬ ಹ್ಯಾಲೊವೀನ್‌ಗೆ ಮನೆ ಮುಂದೆ ಏನಿಡ್ತೀರಿ? ಈ ಸಲ ಸುಮಾರು ಜನ ಗುಡ್‌ವಿಲ್‌ನಂಥ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗಿ ಗಾಜಿನ ಲೋಟ, ಸೀಸೆ, ಹೂದಾನಿ ತಂದಿದ್ದಾರೆ. ಫೋಟೋ ನೋಡಿ ನಿಜವಾಗಿಯೂ ಖುಷಿಯಾಯಿತು. ಪ್ರತಿ ವರ್ಷ ಹೊಸ ಪ್ಲಾಸ್ಟಿಕ್ ಅಸ್ಥಿಪಂಜರ ತಂದು ನವೆಂಬರ್‌ನಲ್ಲಿ ಕಸದ ಡಬ್ಬಿಗೆ ತುಂಬುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಒಂದು ಮಾತು ಹೇಳದೆ ಇರಲು ಆಗುತ್ತಿಲ್ಲ. ದಯವಿಟ್ಟು ಆ ಗಾಜಿಗೆ ಕಪ್ಪು ಸ್ಪ್ರೇ ಪೇಂಟ್ ಹೊಡೆಯಬೇಡಿ. ಒಂದರ ಮೇಲೊಂದು ಕೂರಿಸಿ ಗಟ್ಟಿ ಅಂಟು ಹಾಕಬೇಡಿ.

ನಾನೂ ಇದನ್ನೇ ಮಾಡಿದ್ದೆ. ಮೂರು ವರ್ಷದ ಹಿಂದೆ ಎರಡು ಡಾಲರ್‌ಗೆ ಒಂದು ಗಾಜಿನ ಕ್ಯಾಂಡಲ್ ಸ್ಟ್ಯಾಂಡ್ ಸಿಕ್ಕಿತ್ತು. ಕೈಗೆ ಒಳ್ಳೆ ಭಾರ. ಅದಕ್ಕೆ ಕಪ್ಪು ಬಣ್ಣ ಹೊಡೆದು, ಮೇಲೆ ಗುಂಡನೆಯ ಒಂದು ಗಾಜಿನ ಬಟ್ಟಲು ಅಂಟಿಸಿ, ಒಳಗೆ ಪುಟ್ಟ ತಲೆಬುರುಡೆ ಇಟ್ಟೆ. ಎಲ್ಲರೂ ಮೆಚ್ಚಿಕೊಂಡರು. ಮರುವರ್ಷ ಧೂಳು ತೊಳೆಯುವಾಗ ಬುಡದ ಹತ್ತಿರ ಉಗುರಗಲದಷ್ಟು ಬಣ್ಣ ಎದ್ದು ಬಂತು. ಕೆಳಗೆ ವಜ್ರದಾಕಾರದ ಗೆರೆ, ಅದರೊಳಗೆ ಎಚ್ ಅನ್ನುವ ಒಂದು ಅಕ್ಷರ. ಅದು ಹೈಸಿ ಅನ್ನುವ ಗಾಜಿನ ಕಂಪನಿಯ ಗುರುತು. ನಮ್ಮ ಊರಿನಿಂದ ಒಂದು ಗಂಟೆಯೂ ದೂರವಿಲ್ಲದ ನೂಅರ್ಕ್‌ನಲ್ಲಿ 1890ರ ದಶಕದಲ್ಲಿ ಶುರುವಾಗಿ 1957ರಲ್ಲಿ ಕುಲುಮೆ ಆರಿಸಿದ ಕಾರ್ಖಾನೆ. ಇವತ್ತು ಆ ಊರಿನಲ್ಲಿ ಹೈಸಿ ಗಾಜಿಗೆಂದೇ ಒಂದು ಮ್ಯೂಸಿಯಂ ಇದೆ. ನನ್ನ ಸ್ಟ್ಯಾಂಡಿನ ಅಂಟು ಬಿಡಿಸಲು ಹೋದೆ. ಬಾಯಿಯ ಅಂಚು ಚಕ್ಕೆ ಎದ್ದು ಹೋಯಿತು. ಎಪ್ಪತ್ತು ವರ್ಷ ಯಾರ್ಯಾರದೋ ಮನೆಯಲ್ಲಿ ಒಡೆಯದೆ ಉಳಿದಿದ್ದ ವಸ್ತು ನನ್ನ ಕೈಯಲ್ಲಿ ಹಾಳಾಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಓಹೈಯೋದಲ್ಲಿ ಇರುವವರು ಇದನ್ನು ತಿಳಿದುಕೊಂಡಿರಬೇಕು. ಈ ರಾಜ್ಯವೇ ಗಾಜಿನ ರಾಜ್ಯ. ಕುಲುಮೆಗೆ ಬೇಕಾದ ಗ್ಯಾಸ್ ಇಲ್ಲಿ ನೆಲದಲ್ಲೇ ಸಿಕ್ಕಿತು. ಹಾಗಾಗಿ 1888ರಲ್ಲಿ ಲಿಬ್ಬಿ ಗಾಜಿನ ಕಂಪನಿ ಮ್ಯಾಸಚೂಸೆಟ್ಸ್ ಬಿಟ್ಟು ಇಲ್ಲಿನ ಟೊಲೀಡೊಗೆ ಬಂತು. 1905ರಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಹಾಕಿಂಗ್ ಗಾಜಿನ ಕಂಪನಿ ಶುರುವಾಯಿತು. 1930ರ ದಶಕದ ಕಷ್ಟಕಾಲದಲ್ಲಿ ಯಂತ್ರದಲ್ಲಿ ಒತ್ತಿ ಮಾಡಿದ ತಿಳಿಹಸಿರು, ಗುಲಾಬಿ ಬಣ್ಣದ ತಟ್ಟೆ ಲೋಟಗಳು ಎಷ್ಟು ಅಗ್ಗವಾಗಿದ್ದವು ಅಂದರೆ ಓಟ್ಸ್ ಡಬ್ಬಿಯ ಜೊತೆ ಪುಕ್ಕಟೆ ಕೊಡುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಕ್ಕಳು ಡಬ್ಬಿಗಟ್ಟಲೆ ತಂದು ದಾನ ಕೊಡುವುದು ಇಂಥ ಗಾಜನ್ನೇ. ನಾವು ಒಂದೆರಡು ಡಾಲರ್‌ಗೆ ಎತ್ತಿಕೊಂಡು ಬರುವುದೂ ಅದನ್ನೇ.

ಹಾಗಾದರೆ ಕಪ್ಪಾಗಿ, ಹಳತಾಗಿ, ಭಯ ಹುಟ್ಟಿಸುವ ಹಾಗೆ ಕಾಣಿಸುವುದು ಹೇಗೆ? ಕಾಡಿಗೆ ಹಿಡಿಯಿರಿ.

ಹೌದು, ಕಾಡಿಗೆಯೇ. ನಮ್ಮ ಅರಸೀಕೆರೆಯ ಮನೆಯಲ್ಲಿ ಅಜ್ಜಿ ಹರಳೆಣ್ಣೆ ದೀಪ ಹಚ್ಚಿ ಅದರ ಮೇಲೆ ತಟ್ಟೆ ಬೋರಲು ಹಾಕುತ್ತಿದ್ದರು. ಮಸಿ ಕೂರುತ್ತಿತ್ತು. ಅದೇ ಕೆಲಸ ಇಲ್ಲಿ. ಹಣತೆಗೆ ಎಣ್ಣೆ ಹಾಕಿ, ಬತ್ತಿ ಸ್ವಲ್ಪ ದಪ್ಪ ಮಾಡಿ, ಉದ್ದ ಬಿಡಿ. ಹಳದಿ ಉರಿಯ ತುದಿಯಿಂದ ಹೊಗೆ ಏಳಬೇಕು. ಲಾಟೀನಿನ ಹಳೇ ಚಿಮಣಿ ಗಾಜು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಬಿಸಿ ತಡೆಯಲೆಂದೇ ಮಾಡಿದ್ದು. ಅದನ್ನು ಉರಿಯ ಮೇಲೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಾ ಇರಿ. ಒಂದೇ ಕಡೆ ಹಿಡಿದರೆ ಗಾಜು ಸೀಳುತ್ತದೆ. ದಪ್ಪ ಗಾಜು, ಕೆತ್ತನೆ ಇರುವ ಗಾಜು ಬೇಡವೇ ಬೇಡ. ಕೈಗೆ ದಪ್ಪ ಗ್ಲೌಸ್ ಇರಲಿ, ಕೆಲಸ ಮನೆಯ ಹೊರಗೆ ಆಗಲಿ, ಮಕ್ಕಳು ದೂರ ಇರಲಿ.

ಮೊದಲು ತೆಳ್ಳಗೆ ಕಂದು ಬಣ್ಣ ಬರುತ್ತದೆ, ಚಹಾ ಕಲೆಯ ಹಾಗೆ. ಆಮೇಲೆ ಮೇಲಂಚಿನಿಂದ ಕಪ್ಪು ಇಳಿಯತೊಡಗುತ್ತದೆ. ಅರ್ಧ ಗಾಜು ಕಪ್ಪಾದ ಮೇಲೆ ನಿಲ್ಲಿಸಿ. ಪೂರ್ತಿ ಆರಲು ಬಿಡಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದ ಒಳಗಡೆ ಮಸಿ ಒರೆಸಿ ಜೇಡರ ಬಲೆ ಬರೆಯಿರಿ. ಅಥವಾ ಐದು ಬೆರಳು ಒಳಗಿನಿಂದ ಉಜ್ಜಿ ಕೆಳಕ್ಕೆ ಜಾರಿದ ಹಾಗೆ ಗುರುತು ಮಾಡಿ. ಒಳಗೆ ಬ್ಯಾಟರಿ ದೀಪ ಇಡಿ. ರಾತ್ರಿ ನೋಡಿದರೆ ಯಾರೋ ಗಾಜಿನೊಳಗೆ ಸಿಕ್ಕಿಕೊಂಡು ಕೈಯಾಡಿಸಿದ ಹಾಗೆ ಕಾಣುತ್ತದೆ. ನಾನು ಮೊದಲ ಸಲ ಮಾಡಿ ದೀಪ ಆರಿಸಿದಾಗ ನನ್ನ ಮೈಯೇ ಜುಂ ಅಂದಿತು. ಸ್ಪ್ರೇ ಪೇಂಟ್‌ನಿಂದ ಈ ಕಪ್ಪು ಬರುವುದಿಲ್ಲ. ಇದು ಉಸಿರಿನಂಥ ಕಪ್ಪು. ಹಬ್ಬ ಮುಗಿದ ಮೇಲೆ ಬಿಸಿನೀರು, ಪಾತ್ರೆ ಸೋಪು. ಐದು ನಿಮಿಷದಲ್ಲಿ ಗಾಜು ಮೊದಲಿನಂತೆ.

ಮಂಜು ಹಿಡಿದ ಹಾಗೆ ಬೇಕಾದರೆ ಎಪ್ಸಮ್ ಉಪ್ಪನ್ನು (ಮೆಗ್ನೀಸಿಯಂ ಸಲ್ಫೇಟ್) ಅದರಷ್ಟೇ ಪ್ರಮಾಣದ ಬಿಸಿನೀರಲ್ಲಿ ಕರಗಿಸಿ, ಒಂದು ತೊಟ್ಟು ಸೋಪು ಹಾಕಿ ಬ್ರಷ್‌ನಿಂದ ಬಳಿಯಿರಿ. ಆರುತ್ತಾ ಸೂಜಿಯಂಥ ಹರಳು ಬೆಳೆಯುತ್ತದೆ. ಅದೂ ನೀರಲ್ಲಿ ಹೋಗುತ್ತದೆ. ಒಂದರ ಮೇಲೊಂದು ನಿಲ್ಲಿಸಲು ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆಯ ಪುಟ್ಟಿ ಸಾಕು. ಕಾಲುಳ್ಳ ವೈನ್ ಲೋಟವನ್ನು ಬೋರಲು ಹಾಕಿದರೆ ಅಂಟೇ ಬೇಡ. ಒಳಗೆ ತಲೆಬುರುಡೆ ಅಥವಾ ಒಣಗಿದ ಎಲೆ, ಮೇಲೆ ಪುಟ್ಟ ದೀಪ.

ಇನ್ನು ನನಗೆ ಅತಿ ಪ್ರೀತಿಯ ವಿಷಯ. ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಕೊಳ್ಳಿ. ಹಳೇ ತಿಳಿಹಸಿರು ಗಾಜಿನ ಮೇಲೆ ಕತ್ತಲಲ್ಲಿ ಬಿಡಿ. ಎಲ್ಲವೂ ಹೊಳೆಯುವುದಿಲ್ಲ. ಹೊಳೆದರೆ ಮಾತ್ರ ಪಾಚಿ ಹಸಿರು ಬೆಂಕಿ ಹೊತ್ತಿಕೊಂಡ ಹಾಗೆ ಹೊಳೆಯುತ್ತದೆ! ಬಣ್ಣಕ್ಕಾಗಿ ಸ್ವಲ್ಪ ಯುರೇನಿಯಂ ಸೇರಿಸಿದ ಗಾಜು ಅದು. ಎರಡನೇ ಮಹಾಯುದ್ಧದಲ್ಲಿ ಯುರೇನಿಯಂ ಸರ್ಕಾರದ ಹಿಡಿತಕ್ಕೆ ಹೋಗಿ ಅದರ ತಯಾರಿಕೆ ಹಲವು ವರ್ಷ ಬಹುತೇಕ ನಿಂತುಹೋಗಿತ್ತು. ಕಪಾಟಿನಲ್ಲಿಟ್ಟು ನೋಡಲು ಹೆದರಬೇಕಾಗಿಲ್ಲ, ಆದರೆ ಅದರಲ್ಲಿ ತಿನ್ನುವುದು ಕುಡಿಯುವುದು ಬೇಡ. ಇಂಥ ಗಾಜಿಗೆ ದೆವ್ವದ ವೇಷ ಹಾಕಬೇಕಾ ಹೇಳಿ? ಅದೇ ದೆವ್ವ. ಅದು ಸಿಗದಿದ್ದರೆ ಬಿರಡೆ ಇರುವ ಹಳೇ ಸೀಸೆಗೆ ಟಾನಿಕ್ ವಾಟರ್ ಅನ್ನುವ ಕಹಿ ಸೋಡಾ ಸುರಿಯಿರಿ. ಅದರಲ್ಲಿ ಕ್ವಿನೈನ್ ಇರುತ್ತದೆ, ಯುವಿ ಬೆಳಕಿಗೆ ನೀಲಿ ಮಿನುಗುತ್ತದೆ.

ಅಮ್ಮ ಫೋನಿನಲ್ಲಿ ಕೇಳಿದರು. "ಹಬ್ಬದ ದಿನದಲ್ಲಿ ಬಾಗಿಲ ಮುಂದೆ ದೆವ್ವ ಭೂತ ಇಡ್ತೀಯಲ್ಲೇ, ಒಳ್ಳೇದಾ ಅದು?" ನಾನು ಕೇಳಿದೆ, "ಅಮ್ಮ, ನಾವು ಮನೆ ಕಟ್ಟುವಾಗ ಕೋರೆಹಲ್ಲಿನ ದೃಷ್ಟಿ ಗೊಂಬೆ ಯಾಕೆ ನೇತು ಹಾಕಿದ್ವಿ? ಬೂದುಗುಂಬಳಕಾಯಿ ಮೇಲೆ ಕಣ್ಣು ಮೀಸೆ ಯಾಕೆ ಬರೆದ್ವಿ?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿ ಅನ್ನು" ಅಂದರು. ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೆತ್ತುತ್ತಿದ್ದರು, ಅಮೆರಿಕಕ್ಕೆ ಬಂದ ಮೇಲೆ ಕುಂಬಳಕಾಯಿ ಹಿಡಿದರು. ಹೊಸ್ತಿಲಲ್ಲಿ ಒಂದು ಭಯಂಕರ ಮುಖ ಇಟ್ಟು ಕೆಟ್ಟದ್ದನ್ನು ಆಚೆ ನಿಲ್ಲಿಸುವ ಆಸೆ ನಮ್ಮ ಒಬ್ಬರದೇ ಅಲ್ಲ.

2024ರಲ್ಲಿ ನರಕ ಚತುರ್ದಶಿ ಹ್ಯಾಲೊವೀನ್ ದಿನವೇ, ಅಕ್ಟೋಬರ್ 31ಕ್ಕೆ ಬಂದಿತ್ತು. ಅವತ್ತು ನಮ್ಮ ಮೆಟ್ಟಿಲ ಮೇಲೆ ಮಸಿ ಹಿಡಿದ ಆರು ಚಿಮಣಿಗಳಿದ್ದವು. ಎರಡು ದಿನ ಬಿಟ್ಟು ಬಲಿಪಾಡ್ಯಮಿಗೆ ಅವೇ ಆರು ಚಿಮಣಿ, ತೊಳೆದು ಒರೆಸಿ, ಗಾಳಿಗೆ ಹಣತೆ ಆರದ ಹಾಗೆ ಸುತ್ತ ನಿಲ್ಲಿಸಿದ್ದೆ. ಬಣ್ಣ ಹೊಡೆದಿದ್ದರೆ ಇದು ಆಗುತ್ತಿತ್ತಾ?

ಈ ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗುತ್ತಿದ್ದೇನೆ. ಟಾರ್ಚ್ ನನ್ನ ಬ್ಯಾಗಿನಲ್ಲಿರುತ್ತದೆ. ಬರುವವರು ಕೆಳಗೆ ಹೇಳಿ. ಈಗಾಗಲೇ ಗಾಜು ತಂದಿಟ್ಟುಕೊಂಡವರು ಬಣ್ಣದ ಡಬ್ಬಿ ಅಲ್ಲಾಡಿಸುವ ಮೊದಲು ಅದರ ಬುಡ ತಿರುಗಿಸಿ ಒಂದು ಫೋಟೋ ಹಾಕಿ, ಏನು ಗುರುತು ಇದೆ ಅಂತ ಕೂತು ನೋಡೋಣ.