ಕಣ್ಣಾರೆ ಕಂಡ ಸಾಕ್ಷಿ ಬೇಕಂತೆ

ಮಂಗ ಮನುಷ್ಯ ಆಗಿದ್ದನ್ನು ನೋಡಿದವರು ಯಾರು? 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರಿಗೆ ಬಂದ ಅನುಮಾನ ಇದು. ನಮ್ಮ ಪೂರ್ವಜರು ಹಾಗಂತ ಬರೆದಿಟ್ಟಿಲ್ಲ, ಹೇಳಿಯೂ ಇಲ್ಲ, ಹಾಗಾಗಿ ಜೀವವಿಕಾಸದ ಸಿದ್ಧಾಂತ ಕೊಟ್ಟ ಡಾರ್ವಿನ್ ತಪ್ಪು ಅಂತ ಸತ್ಯಪಾಲ್ ಸಿಂಗ್ ತೀರ್ಪು ಕೊಟ್ಟಿದ್ದರು. ನಿಮಗೂ ನೆನಪಿರಬೇಕು.

ನನಗೆ ಆ ತೀರ್ಪಿಗಿಂತ ಅವರ ಹಿಂದಿನ ಕೆಲಸವೇ ಜಾಸ್ತಿ ಇಷ್ಟ. ಅವರು ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರು. ಆ ಇಲಾಖೆಯಲ್ಲಿ ಹೆಣ ಸಿಗುತ್ತದೆ, ಕೊಂದಿದ್ದನ್ನು ನೋಡಿದವರು ಸಿಗುವುದಿಲ್ಲ. ಆಗೇನು ಮಾಡುತ್ತಾರೆ? ಬೆರಳಚ್ಚು ತೆಗೆಯುತ್ತಾರೆ. ರಕ್ತದ ಕಲೆಯನ್ನು ಲ್ಯಾಬಿಗೆ ಕಳಿಸುತ್ತಾರೆ. ಡಿಎನ್‌ಎ ತಾಳೆ ನೋಡುತ್ತಾರೆ. "ಯಾರೂ ನೋಡಿಲ್ಲ, ಪೂರ್ವಜರೂ ಬರೆದಿಟ್ಟಿಲ್ಲ, ಹಾಗಾಗಿ ಇವನು ಸತ್ತೇ ಇಲ್ಲ" ಅಂತ ಯಾವ ಇನ್‌ಸ್ಪೆಕ್ಟರೂ ಫೈಲು ಮುಚ್ಚಿದ್ದು ನಾನಂತೂ ಕೇಳಿಲ್ಲ. ಮನುಷ್ಯ, ಚಿಂಪಾಂಜಿ ಕೇಸಿನಲ್ಲೂ ಡಿಎನ್‌ಎ ಇದೆ, ಪಳೆಯುಳಿಕೆ ಇದೆ. ಇಬ್ಬರಿಗೂ ಮುತ್ತಜ್ಜ ಒಬ್ಬನೇ ಅಂತ ಅವು ಹೇಳುತ್ತವೆ. ಇವತ್ತಿನ ಮಂಗ ಎದ್ದು ಪ್ಯಾಂಟು ಹಾಕಿಕೊಂಡಿತು ಅಂತ ಡಾರ್ವಿನ್ ಎಲ್ಲೂ ಹೇಳಿಲ್ಲ.

ಹೋಗಲಿ, ಕಣ್ಣಾರೆ ಕಂಡವರೇ ಬೇಕಾ? ಇದ್ದಾರೆ. ಪೀಟರ್ ಮತ್ತು ರೋಸ್ಮೆರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ಪೆಸಿಫಿಕ್ ಸಾಗರದ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ವರ್ಷ ವರ್ಷ ಹೋಗಿ ಫಿಂಚ್ ಹಕ್ಕಿಗಳ ಕೊಕ್ಕು ಅಳೆಯುತ್ತಾ ಕೂತರು. 1981ರಲ್ಲಿ ನೂರು ಕಿಲೋಮೀಟರಿಗೂ ಆಚೆಯ ದ್ವೀಪದಿಂದ ಒಂದು ದಪ್ಪ ಗಂಡು ಹಾರಿ ಬಂತು. ಇಲ್ಲಿನ ಹೆಣ್ಣಿನ ಜೊತೆ ಸಂಸಾರ ಹೂಡಿತು. ಮರಿಗಳು ಅಪ್ಪನ ಹಾಡನ್ನೇ ಕಲಿತವು. ಊರಿನ ಹಕ್ಕಿಗಳಿಗೆ ಆ ಹಾಡು ಹಿಡಿಸಲಿಲ್ಲ, ಹೆಣ್ಣು ಕೊಡುವವರಿಲ್ಲ. ಕೊನೆಗೆ ಮನೆಯೊಳಗೇ ಸಂಬಂಧ ಬೆಳೆಸಿದವು. (ನಮಗೇನು ಇದು ಹೊಸದಾ?) ಎರಡು ಮೂರು ತಲೆಮಾರಿನಲ್ಲಿ ಬೇರೆಯದೇ ಕುಲ ಶುರುವಾಗಿತ್ತು.

ಸತ್ಯಪಾಲ್ ಸಿಂಗ್ ತೀರ್ಪು ಕೊಟ್ಟಾಗ ಅವರ ಹಿರಿಯ ಸಚಿವರೇ ಇಂಥ ಮಾತು ಬೇಡ ಅಂದರು. ಆ ಮಾತು ತಪ್ಪು ಅಂತ ಮೂರು ವಿಜ್ಞಾನ ಅಕಾಡೆಮಿಗಳು ಹೇಳಿಕೆ ಕೊಟ್ಟವು. ನಾವು ನಕ್ಕು ಸುಮ್ಮನಾದೆವು. 2023ರಲ್ಲಿ ನೋಡಿದರೆ, ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಪಾಠ ಬರೀ 'ಅನುವಂಶೀಯತೆ' ಆಗಿತ್ತು. ಕೊರೋನಾ ಕಾಲದಲ್ಲಿ ಮಕ್ಕಳಿಗೆ ಹೊರೆ ಅಂತ ಇಳಿಸಿದ್ದಂತೆ. ತಮಾಷೆ ನೋಡಿ, ಅದೇ ಹೊತ್ತಿಗೆ ವೈರಸ್ಸು ಡೆಲ್ಟಾ, ಒಮಿಕ್ರಾನ್ ಅಂತ ವೇಷ ಬದಲಿಸುತ್ತಾ ಮನೆಮನೆಗೂ ಬಂದು ಪುಕ್ಕಟೆ ಇದೇ ಪಾಠ ಮಾಡುತ್ತಿತ್ತು.

ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆ ಸಿಕ್ಕಿತು ಅಂದರೆ ಮಾತ್ರ ನಮಗೆ ಎಲ್ಲಿಲ್ಲದ ಹೆಮ್ಮೆ. 2014ರಲ್ಲಿ ನಮ್ಮ ಮಲೆನಾಡಿನ ಕುಂಬಾರ ಕಪ್ಪೆಗೆ ಹೆಸರಿಟ್ಟಾಗ ನಾನೂ ಬೀಗಿದ್ದೆ. ಮೊಟ್ಟೆಗಳಿಗೆ ಮಣ್ಣು ಮೆತ್ತುವ ಅಪ್ಪ ಅದು, ಬೀಗದೆ ಇರೋದು ಹೇಗೆ? ಈ ಕಪ್ಪೆಗಳು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಅಂತ ಎದೆ ತಟ್ಟಿಕೊಳ್ಳುತ್ತೇವೆ. ಬೇರೆಲ್ಲೂ ಯಾಕಿಲ್ಲ? ನಡುವೆ ಬೆಟ್ಟವೋ ಕಣಿವೆಯೋ ಅಡ್ಡ ಬಂದು, ಲಕ್ಷಾಂತರ ವರ್ಷ ಮುಖ ನೋಡದೆ, ಕೊನೆಗೆ ಒಬ್ಬರ ಕೂಗು ಇನ್ನೊಬ್ಬರಿಗೆ ಅರ್ಥವಾಗದ ಹಾಗೆ ಆಗುವ ಕಥೆ ಅದು. ಆ ಕಥೆಯ ಪುಟಗಳನ್ನೇ ನಾವು ಕಿತ್ತದ್ದು.

ಹನ್ನೆರಡನೇ ಕ್ಲಾಸಿನಲ್ಲಿ ಇದೆಯಲ್ಲ ಅಂತ ಸಮಜಾಯಿಷಿ ಬಂತು. ಇದೆ, ಜೀವಶಾಸ್ತ್ರ ತೆಗೆದುಕೊಂಡವರಿಗೆ. ಹತ್ತಕ್ಕೇ ಓದು ನಿಲ್ಲಿಸಿದ ಹುಡುಗಿಗೆ? ಕಾಮರ್ಸ್ ಸೇರಿದ ಹುಡುಗನಿಗೆ? 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದು ಬೇಡ ಅಂದರು. ಪಾಠ ಕೇಳುವುದಕ್ಕೂ ಅರ್ಜಿ ಹಾಕಬೇಕಾ? ನನಗೀಗ ನಗು ಬರುತ್ತಿಲ್ಲ, ಸುಸ್ತಾಗಿದೆ.

ಅಪ್ಪನ ಮೂಗು ಮಗನಿಗೆ ಬಂತು ಅನ್ನುವವರೆಗೆ ಪಾಠ ಉಳಿದಿದೆ. ಅಪ್ಪನಿಗೆ, ಅವನಪ್ಪನಿಗೆ, ಅವನಪ್ಪನಪ್ಪನಿಗೆ ಮೂಗು ಎಲ್ಲಿಂದ ಬಂತು ಸಾರ್ ಅಂತ ಯಾವುದಾದರೂ ತಲೆಹರಟೆ ಕೇಳಿದರೆ, ಪಾಪ, ಮೇಷ್ಟ್ರು ಬೆಲ್ಲು ಹೊಡೆಯುವುದನ್ನೇ ಕಾಯಬೇಕು.