ಕ್ರೌನ್ ಬದಲಾಯಿತು, ಮುಳ್ಳು ಬದಲಾಗಲಿಲ್ಲ

ಹಳೇ ಪಿಕಪ್ ಇಟ್ಟುಕೊಂಡವರಲ್ಲಿ ಎರಡು ಥರ. ಮೈಲೇಜ್ ಎಷ್ಟು ಅಂತ ಕೇಳಿದರೆ ಮಾತು ಬದಲಿಸುವವರು ಒಂದು. ಕೇಳದೇ ಇದ್ದರೂ ಹೇಳುವವರು ಇನ್ನೊಂದು. ನಮ್ಮ ಭಾವ ಎರಡನೆಯವರು.

ಅವರ ಗಾಡಿ ಲೀಟರಿಗೆ 7 ಕಿಲೋಮೀಟರ್ ಕೊಡುತ್ತಿತ್ತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಒಂದು ಪುಟ್ಟ ಡೈರಿಯಲ್ಲಿ ಲೀಟರ್, ಕಿಲೋಮೀಟರ್ ಬರೆದು ಭಾಗಿಸುತ್ತಿದ್ದರು. ಭಾಗಿಸಿದ ಮೇಲೆ ಒಂದು ನಿಟ್ಟುಸಿರು. ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದರು, ಪ್ಲಗ್ ಬದಲಾಯಿಸಿದರು, ಟೈರಿಗೆ ಗಾಳಿ ಸರಿಯಾಗಿ ಹೊಡೆಸಿದರು. ಏನೇ ಮಾಡಿದರೂ 7 ಜಗ್ಗಲಿಲ್ಲ. ಕೊನೆಗೆ ಅವರ ಕಣ್ಣು ಗಾಡಿಯ ಹಿಂದಿನ ಆಕ್ಸಲ್ ಮೇಲೆ ಬಿತ್ತು.

ಆಕ್ಸಲ್ ನಡುವೆ ಒಂದು ಉಬ್ಬು ಇರುತ್ತದಲ್ಲ, ಅದರೊಳಗೆ ಎರಡು ಹಲ್ಲುಚಕ್ರ ಕೂತಿರುತ್ತವೆ: ಚಿಕ್ಕದು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಹಲ್ಲು ಇದ್ದರೆ ಅನುಪಾತ 4.10. ಅಂದರೆ ಚಕ್ರ ಒಂದು ಸುತ್ತು ಬರೋಕೆ ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತು ಚಿಲ್ಲರೆ ತಿರುಗಬೇಕು. ಲೋಡ್ ಎಳೆಯೋಕೆ ಇದು ಒಳ್ಳೇದು. ಆದರೆ ಖಾಲಿ ಗಾಡಿ ಹೈವೇಯಲ್ಲಿ ಹೋಗುವಾಗ ಇಂಜಿನ್ ಸುಮ್ನೆ ಜಾಸ್ತಿ ಸುತ್ತುತ್ತಿರುತ್ತದೆ. ಸುತ್ತು ಹೆಚ್ಚಿದಷ್ಟೂ ಒಳಗಿನ ತಿಕ್ಕಾಟ ಹೆಚ್ಚು. ಅರ್ಧಂಬರ್ಧ ತೆರೆದ ಥ್ರಾಟಲ್‌ನಲ್ಲಿ ಗಾಳಿ ಎಳೆದುಕೊಳ್ಳುವ ಒದ್ದಾಟವೂ ಹೆಚ್ಚು. ಎರಡಕ್ಕೂ ಪೆಟ್ರೋಲೇ ಖರ್ಚು. ಅದರ ಬದಲು 13ಕ್ಕೆ 40 ಹಲ್ಲಿನ ಸೆಟ್ ಹಾಕಿದರೆ ಅನುಪಾತ 3.08. ಅದೇ ವೇಗಕ್ಕೆ ಇಂಜಿನ್ ಕಾಲುಭಾಗ ಕಡಿಮೆ ಸುತ್ತಿದರೆ ಸಾಕು.

ಈ ಹಲ್ಲಿನ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದ ಜಾಣತನ ಒಂದಿದೆ. 41 ಮತ್ತು 10, ಎರಡನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟರೆ ಬೇರೆ ಇಲ್ಲ. ಹಾಗಾಗಿ ಯಾವ ಹಲ್ಲಿಗೂ ಖಾಯಂ ಜೊತೆಗಾರ ಇರಲ್ಲ. ಪ್ರತಿ ಹಲ್ಲೂ ಸರದಿ ಪ್ರಕಾರ ಎದುರಿನ ಎಲ್ಲ ಹಲ್ಲಿಗೂ ಸಿಗುತ್ತದೆ, ಸವೆತ ಎಲ್ಲರಿಗೂ ಸಮ. 40 ಮತ್ತು 13ರ ಕಥೆಯೂ ಅಷ್ಟೇ.

ಅದಿರಲಿ, ಗಾಡಿಯಲ್ಲಿ ಈಗ ಯಾವ ಸೆಟ್ ಇದೆ ಅಂತ ಮೊದಲು ಗೊತ್ತಾಗಬೇಕಲ್ಲ. ಆಕ್ಸಲ್ ಕವರಿನ ಬೋಲ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನ ಮೇಲೆ ಬರೆದಿರುತ್ತದೆ ಅಂದರು ಭಾವ. ನಮ್ಮದರಲ್ಲಿ ತಗಡಿನ ಜಾಗದಲ್ಲಿ ಮಣ್ಣಿತ್ತು. ಹಾಗಾದರೆ ಎಣಿಸೋದೇ ಸರಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಒಂದು ಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡ್ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ, ಶಾಫ್ಟ್ ಮೇಲೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದೆವು. ಚಕ್ರ ತಿರುಗಿಸೋದು ಭಾವ. ಕೆಳಗೆ ಮಲಗಿ ಗೆರೆ ಎಣಿಸೋದು ನಾನು. ಮೂಗಿನ ಮೇಲೆ ಎಲ್ಲಿಂದಲೋ ಗ್ರೀಸ್ ತೊಟ್ಟಿಕ್ಕುತ್ತಿತ್ತು.

“ಒಂದು ಸುತ್ತು ಆಯ್ತು. ಎಷ್ಟು ಬಂತು?”

“ಎರಡು ಭಾವ. ಒಂಚೂರು ಜಾಸ್ತಿ.”

“ಎರಡಾ? ಸರಿಯಾಗಿ ನೋಡೋ. ಇದೇನು ರೇಸ್ ಕಾರಾ?”

ಇನ್ನೊಮ್ಮೆ ತಿರುಗಿಸಿದರು. ಮತ್ತೆ ಎರಡೇ. ನನ್ನ ಕಣ್ಣು ಪರೀಕ್ಷೆ ಮಾಡಿಸೋ ಮಾತು ಬಂತು. ಒಂದು ಚಕ್ರ ನೆಲಕ್ಕೆ ಅಂಟಿಕೊಂಡಿದ್ದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್ ದೆಸೆಯಿಂದ ಮೇಲಿನ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು, ಆಗ ಕ್ರೌನ್ ಒಂದು ಸುತ್ತು ಬರುತ್ತದೆ ಅಂತ ಮೆಕ್ಯಾನಿಕ್ ಫೋನಿನಲ್ಲಿ ಹೇಳಿದ ಮೇಲೆ ನನ್ನ ಕಣ್ಣಿಗೆ ಮರ್ಯಾದೆ ವಾಪಸ್ ಸಿಕ್ಕಿತು. ನಾಲ್ಕು ಸುತ್ತು ಚಿಲ್ಲರೆ. 4.10 ಅನ್ನೋದು ಖಾತ್ರಿಯಾಯಿತು.

ಬರೀ ಕ್ರೌನ್ ಪಿನಿಯನ್ ಸಾಲಲ್ಲ ಸಾರ್, 3.08ಕ್ಕೆ ಹೋಗೋದಾದ್ರೆ ಇದರಲ್ಲಿ ಕ್ರೌನ್ ಹಿಡಿದಿಡೋ ಕ್ಯಾರಿಯರೂ ಬೇರೆ ಬೇಕು, ಬೇರಿಂಗ್, ಸೀಲ್ ಎಲ್ಲಾ ಹೊಸದು ಅಂದರು ಮೆಕ್ಯಾನಿಕ್. ಫೋರ್ ವೀಲ್ ಡ್ರೈವ್ ಆಗಿದ್ದಿದ್ರೆ ಮುಂದಿನ ಆಕ್ಸಲ್ಲೂ ಬದಲಾಯಿಸಬೇಕಿತ್ತು, ಪುಣ್ಯ ಮಾಡಿದ್ದೀರಿ ಅಂತ ಸಮಾಧಾನವನ್ನೂ ಹೇಳಿದರು. ಕೆಲಸ ಮಾತ್ರ ನೋಡೋಕೆ ಚೆನ್ನಾಗಿತ್ತು. ಹಲ್ಲುಗಳಿಗೆ ಹಳದಿ ಪೇಸ್ಟ್ ಹಚ್ಚಿ ಕೈಯಲ್ಲಿ ತಿರುಗಿಸುತ್ತಾರೆ. ಹಲ್ಲಿಗೆ ಹಲ್ಲು ತಾಗಿದ ಜಾಗದಲ್ಲಿ ಪೇಸ್ಟ್ ಅಳಿಸಿ ಲೋಹ ಹೊಳೆಯುತ್ತದೆ. ಆ ಗುರುತು ಹಲ್ಲಿನ ಮಧ್ಯಕ್ಕೆ ಬರುವ ತನಕ ಶಿಮ್ ಅನ್ನೋ ಕಾಗದದಷ್ಟು ತೆಳು ಬಿಲ್ಲೆ ತೆಗಿ, ಹಾಕು, ಮತ್ತೆ ತೆಗಿ. ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆಯುತ್ತಾರೆ. ಎಲ್ಲಾ ಮಿಲಿಮೀಟರಿನ ಹತ್ತನೇ ಭಾಗದ ವ್ಯವಹಾರ. ತೀರಾ ಬಿಗಿಯಾದರೆ ಬಿಸಿ, ತೀರಾ ಸಡಿಲಾದರೆ ಲೊಟಕ್ ಲೊಟಕ್.

ಗೇರ್ ಆಯಿಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಗಂಧಕದ ಸಂಯುಕ್ತ ಇರುತ್ತದೆ, ಒತ್ತಡದಲ್ಲಿ ಹಲ್ಲುಗಳನ್ನು ಕಾಪಾಡೋಕೆ. ಮೂಗನ್ನು ಕಾಪಾಡೋಕೆ ಏನೂ ಇರಲ್ಲ. ಭಾವನ ಶರ್ಟನ್ನು ಅಕ್ಕ ಒಳಗೆ ಬಿಟ್ಟುಕೊಳ್ಳಲಿಲ್ಲ. ಶರ್ಟಿನೊಳಗೆ ಇದ್ದವರನ್ನು ಬಹಳ ಹೊತ್ತಿನ ಮೇಲೆ ಬಿಟ್ಟುಕೊಂಡಳು.

ಕೆಲಸ ಮುಗಿದ ದಿನ ಹೈವೇಗೆ ಹೋದೆವು. ಟಾಪ್ ಗೇರ್ ಹಾಕಿ ಮುಳ್ಳು 80ಕ್ಕೆ ತಂದು ಭಾವ ಕಿವಿ ನಿಮಿರಿಸಿದರು. ಮುಖ ಇಳಿಯಿತು. “ಅದೇ ಸದ್ದು ಕಣೋ! ಏನೂ ಬದಲಾಗಿಲ್ಲ!” ನಿಜ, ಇಂಜಿನ್ ಮೊದಲಿನ ಹಾಗೇ ಅರಚುತ್ತಿತ್ತು. ಒಂದೇ ವಿಚಿತ್ರ. ಆವತ್ತು ರಸ್ತೆಯಲ್ಲಿ ಉಳಿದವರೆಲ್ಲ ಯಾಕೋ ನಿಧಾನ. ಸದಾ ನಮ್ಮನ್ನು ಹಿಂದೆ ಹಾಕುತ್ತಿದ್ದ ಬಸ್ಸುಗಳನ್ನು ನಾವೇ ಹಿಂದೆ ಹಾಕಿದೆವು.

ಮುಂದೆ ಪೆಟ್ರೋಲ್ ಹಾಕಿಸಿದಾಗ ಡೈರಿ ತೆರೆಯಿತು. ಲೀಟರಿಗೆ 5.4! ಇದ್ದ 7 ಕೂಡ ಹೋಯಿತು. ಭಾವ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಏನೇನೋ ಅಂದರು. ಅಕ್ಕ ಭಾವನಿಗೆ ಏನೇನೋ ಅಂದಳು. ಡೈರಿ ಡ್ಯಾಶ್‌ಬೋರ್ಡಿನಿಂದ ಸೀಟಿನ ಕೆಳಗೆ ಹೋಯಿತು.

ಗುಟ್ಟು ಬಿಡಿಸಿದ್ದು ಅಕ್ಕನ ಮಗಳು. ಕಿಟಕಿ ಪಕ್ಕ ಕೂತು ರಸ್ತೆಬದಿಯ ಕಿಲೋಮೀಟರ್ ಕಲ್ಲು ಎಣಿಸೋದು ಅವಳ ಅಭ್ಯಾಸ. “ಮಾವ, ನಾಲ್ಕು ಕಲ್ಲು ದಾಟಿದ್ವಿ. ಅಪ್ಪನ ಮೀಟರ್‌ನಲ್ಲಿ ಮೂರೇ ಆಗಿದೆ.”

ಗಾಡಿ ಪಕ್ಕಕ್ಕೆ ನಿಂತಿತು.

ಮೀಟರಿನ ಕೇಬಲ್ ಬರೋದು ಗೇರ್‌ಬಾಕ್ಸಿನ ಹಿಂತುದಿಯಿಂದ. ಶಾಫ್ಟ್ ಎಷ್ಟು ಸುತ್ತಿತು ಅನ್ನೋದಷ್ಟೇ ಅದಕ್ಕೆ ಗೊತ್ತು. ಅದರಾಚೆ ಆಕ್ಸಲ್‌ನಲ್ಲಿ ಯಾರ ಹಲ್ಲು ಯಾರಿಗೆ ಕಚ್ಚಿದೆ ಅನ್ನೋದು ಅದಕ್ಕೆ ಬೇಕಿಲ್ಲ. 3.08ನ್ನು 4.10ರಿಂದ ಭಾಗಿಸಿದರೆ ಸುಮಾರು ಮುಕ್ಕಾಲು. ಗಾಡಿ 100 ಕಿಲೋಮೀಟರ್ ಓಡಿದರೆ ಮೀಟರ್ 75 ಅನ್ನುತ್ತದೆ. ಟಾಪ್ ಗೇರಿನಲ್ಲಿ ಇಂಜಿನ್ ಸುತ್ತು, ಶಾಫ್ಟ್ ಸುತ್ತು ಎರಡೂ ಒಂದೇ ಆದ್ದರಿಂದ ಮುಳ್ಳು 80ರಲ್ಲಿದ್ದಾಗ ಇಂಜಿನ್ ಸದ್ದೂ ಮೊದಲಿನದೇ. ಬದಲಾಗಿದ್ದು ರಸ್ತೆ ಮೇಲಿನ ವೇಗ ಮಾತ್ರ. ಅದು 106. ಬಸ್ಸುಗಳು ನಿಧಾನವಾಗಿ ಕಂಡಿದ್ದು ಸುಮ್ನೆ ಅಲ್ಲ. ಈಗ ನೆನೆಸಿಕೊಂಡರೂ ಆ ಹಳೇ ಬ್ರೇಕುಗಳ ಮೇಲೆ ನನಗೆ ಗೌರವ ಬರುತ್ತದೆ.

ಹಾಗಾದರೆ 5.4 ಅನ್ನೋದು ನಿಜಕ್ಕೂ 7.2. ಅಷ್ಟೇನಾ ಅಂದರು ಭಾವ. ಅಷ್ಟೇ, ಯಾಕಂದರೆ ಉಳಿಸಿದ್ದನ್ನು ಗಾಳಿ ತಿಂದಿತ್ತು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 106ಕ್ಕೆ ಹೋದರೆ ತಡೆ ಮುಕ್ಕಾಲು ಪಾಲು ಜಾಸ್ತಿ. ಮುಂದೆ ಗೋಡೆ, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್‌ಗೆ ಇದು ಚೆನ್ನಾಗಿಯೇ ತಟ್ಟುತ್ತದೆ. 1973ರ ತೈಲ ಬಿಕ್ಕಟ್ಟು ಬಂದಾಗ ಅಮೆರಿಕದವರು 1974ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ಹಾಕಿದ್ದು ಇದಕ್ಕೇ. ಆಕ್ಸಲ್ ಬಿಚ್ಚೋದಕ್ಕಿಂತ ಕಾಲು ಎತ್ತೋದು ಅಗ್ಗ ಅಲ್ವಾ?

ಮೀಟರ್ ಸರಿಮಾಡೋಕೆ ಕೇಬಲ್ ತುದಿಯ ಪುಟ್ಟ ಪ್ಲಾಸ್ಟಿಕ್ ಗೇರ್ ಬದಲಾಯಿಸಬೇಕು. ನಮಗೆ 20 ಹಲ್ಲಿನ ಜಾಗದಲ್ಲಿ 15ರದು ಬೇಕಿತ್ತು. ಅಷ್ಟು ಸಣ್ಣದು ತನ್ನ ಜೋಡಿಗೆ ತಲುಪೋದೇ ಇಲ್ಲ. ಕೊನೆಗೆ ಕೇಬಲ್ ನಡುವೆ ಕೂರಿಸುವ ಗೇರ್ ಡಬ್ಬಿಗೆ ಹೇಳಿಟ್ಟದ್ದಾಯಿತು. ಅದು ಬರುವ ತನಕ ಡ್ಯಾಶ್‌ಬೋರ್ಡ್ ಮೇಲೆ ಮಗಳು ಚೀಟಿ ಅಂಟಿಸಿದಳು: “30 ಅಂದ್ರೆ 40. 45 ಅಂದ್ರೆ 60. 60 ಅಂದ್ರೆ 80. ಅಪ್ಪಾ, ಇಷ್ಟೇ ಸಾಕು.”

ನಿಜವಾದ 80ರಲ್ಲಿ ಹೋದಾಗ ಇಂಜಿನ್ ತಣ್ಣಗಾಯಿತು. ಗಾಡಿಯಲ್ಲಿ ಮಾತಾಡಿದರೆ ಕೇಳಿಸುತ್ತಿತ್ತು. ಅದು ಎಲ್ಲರಿಗೂ ಅನುಕೂಲವಾಗಲಿಲ್ಲ ಅನ್ನಿ. ಏರು ಬಂದಾಗ ಮಾತ್ರ ಬೇರೆ ಕಥೆ. ಚಕ್ರಕ್ಕೆ ಸಿಗುವ ಎಳೆತ ಎಲ್ಲ ಗೇರಿನಲ್ಲೂ ಕಾಲುಭಾಗ ಕಡಿಮೆ. ಲೋಡ್ ಹಾಕಿ ಏರಿನಲ್ಲಿ ರಿವರ್ಸ್ ತೆಗೆದರೆ ಕ್ಲಚ್ ಸುಟ್ಟ ವಾಸನೆ. ಟಾಪ್ ಗೇರಿನಲ್ಲೇ ಹಟ ಹಿಡಿದು ಏರಿಸಿದರೆ ಇಂಜಿನ್ ಗುದ್ದಾಡುತ್ತದೆ, ಥ್ರಾಟಲ್ ಪೂರ್ತಿ ತೆರೆಯುತ್ತದೆ, ಕಾರ್ಬ್ಯುರೇಟರ್ ಧಾರಾಳವಾಗಿ ಪೆಟ್ರೋಲ್ ಬಿಡುತ್ತದೆ. ದಿನಾ ಲೋಡ್ ಎಳೆಯುವವರು ಈ ತಂಟೆಗೆ ಹೋಗಬಾರದು ಅನ್ನೋದು ನನ್ನ ಅಭಿಪ್ರಾಯ. ಅಂಥವರು 4.10ನ್ನು ಹಾಗೇ ಇಟ್ಟುಕೊಂಡು 0.7 ಓವರ್‌ಡ್ರೈವ್, ಅಂದರೆ ಶಾಫ್ಟ್ ಒಂದು ಸುತ್ತು ಬರೋಕೆ ಇಂಜಿನ್ 0.7 ಸುತ್ತಷ್ಟೇ ತಿರುಗುವ ಗೇರ್, ಇರುವ ಗೇರ್‌ಬಾಕ್ಸ್ ಹಾಕಿಸಲಿ. ಹೈವೇಯಲ್ಲಿ ಒಟ್ಟು ಅನುಪಾತ 2.87 ಸಿಗುತ್ತದೆ, ಫಸ್ಟ್ ಗೇರಿನ ಬಲವೂ ಉಳಿಯುತ್ತದೆ. ಇದನ್ನು ಭಾವನ ಎದುರು ಹೇಳಿದ್ದಕ್ಕೆ ಅಕ್ಕ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಡಬ್ಬಿ ಬಂತು, ಮೀಟರ್ ನೆಟ್ಟಗಾಯಿತು, ಡೈರಿ ಸೀಟಿನ ಕೆಳಗಿಂದ ಮೇಲೆ ಬಂತು. ಲೀಟರಿಗೆ 7.7. ಭಾವ ಡೈರಿಯನ್ನು ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೆರೆದಿಟ್ಟರು. ಮಗಳು ಪೆನ್ಸಿಲ್ ತೆಗೆದುಕೊಂಡಳು.

“ಮೊದಲು ಹನ್ನೊಂದು ಟ್ಯಾಂಕಲ್ಲಿ ಹೋಗ್ತಿದ್ದಷ್ಟು ದೂರ ಈಗ ಹತ್ತು ಟ್ಯಾಂಕಲ್ಲಿ ಹೋಗ್ಬಹುದು. ಹತ್ತಕ್ಕೆ ಒಂದು ಉಳೀತು. ಅಪ್ಪ, ಈ ರಿಪೇರಿಗೆ ಎಷ್ಟು ಟ್ಯಾಂಕಿನ ದುಡ್ಡು ಹೋಯ್ತು?”

ಭಾವ ಸಾರು ಬಡಿಸಿಕೊಳ್ಳುತ್ತಾ ಮೆಲ್ಲಗೆ “ಒಂದು ಇಪ್ಪತ್ತು ಇರಬಹುದು” ಅಂದರು.

“ಹಾಗಾದ್ರೆ ಇನ್ನೂರು ಟ್ಯಾಂಕ್ ಹಾಕಿಸಿದ್ರೆ ಅಸಲು. ತಿಂಗಳಿಗೆ ಎರಡು ಅಂದ್ರೆ ಎಂಟು ವರ್ಷ ದಾಟುತ್ತೆ.” ಅವಳು ಪೆನ್ಸಿಲ್ ಕೆಳಗಿಟ್ಟಳು. “ಪರವಾಗಿಲ್ಲ ಬಿಡಿ, ಅಷ್ಟೊತ್ತಿಗೆ ಗಾಡಿ ನಾನೇ ಓಡಿಸ್ತಿರ್ತೀನಿ.”

“ಸದ್ದು ಕಡಿಮೆ ಆಗಿದೆಯಲ್ಲ, ಅದಕ್ಕೇನೂ ಬೆಲೆ ಇಲ್ವಾ?” ಅಂದರು ಭಾವ.